ಮೊಟ್ಟೆ ಪೆಟ್ಟಿಗೆಗೆ ಬೇಕಾದ ಐಸಿ

ಮಲವಗೊಪ್ಪದಲ್ಲಿ ಬೆಳಿಗ್ಗೆ ಬಸ್ ಹತ್ತಿದಾಗ ನನ್ನ ಚೀಲದಲ್ಲಿ ಅಕ್ಕ ಶಾರದಾಳ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡ್ ಇತ್ತು. ಮೈಕ್ರೋಕಂಟ್ರೋಲರ್ ಸರಿಯಿತ್ತು. ಅದರ ಸಣ್ಣ ಕರೆಂಟಿನಿಂದ ಹೀಟರ್, ಫ್ಯಾನುಗಳ ರಿಲೇ ಸ್ವಿಚ್ಚುಗಳನ್ನು ಎಳೆಯುವ, ಏಳು ಟ್ರಾನ್ಸಿಸ್ಟರ್ ಜೋಡಿಗಳನ್ನು ಒಳಗೊಂಡ ಐಸಿ ಚಿಪ್ ಸುಟ್ಟುಹೋಗಿತ್ತು. ನಾಟಿಕೋಳಿ ಮೊಟ್ಟೆ ಒಡೆಯಲು ಇನ್ನೊಂದು ವಾರವಿತ್ತು. ಅಕ್ಕ ಬಿಸಿನೀರಿನ ಬಾಟಲಿಗಳನ್ನಿಟ್ಟು ಕಂಬಳಿ ಹೊದಿಸಿದ್ದಳು. "ಸಂಜೆ ತನಕ ಹೆಂಗೋ ಕಾವು ಹಿಡೀತೀನಿ. ಆಮೇಲೆ ಮರಿ ಆಸೆ ಬಿಡ್ಬೇಕು," ಎಂದಿದ್ದಳು.

ಶಿವಮೊಗ್ಗದಲ್ಲಿ ಮೋಡ, ಸೆಕೆ. ಬಿಡಿಭಾಗದ ಅಂಗಡಿಯವರು ಬೋರ್ಡ್ ನೋಡಿ ಒಂದು ಹಿಡಿ ಬಿಡಿ ಟ್ರಾನ್ಸಿಸ್ಟರ್ ಮುಂದಿಟ್ಟರು. "ಇವೂ ಅದೇ ಕೆಲ್ಸ ಮಾಡ್ತವೆ ಮಾರಾಯ್ರೆ."

ಬೋರ್ಡಿನಲ್ಲಿ ಅವಕ್ಕೆ ಜಾಗವಿರಲಿಲ್ಲ.

"ಐಸಿ ತರಿಸಿದ್ರೆ ಸೋಮವಾರ. ಅಷ್ಟ್ರಲ್ಲಿ ಆಮ್ಲೆಟ್ ಮಾಡ್ಕೊಂಡ್ಬಿಡಿ," ಎಂದು ನಕ್ಕ ಅವರೇ ಭದ್ರಾವತಿಯ ನ್ಯೂ ಟೌನಿನಲ್ಲಿ ರಿಪೇರಿ ಮಾಡುವ ಸೆಲ್ವಿಯವರ ವಿಳಾಸ ಹೇಳಿದರು. "ಹಳೇ ವಾಷಿಂಗ್ ಮಷಿನ್ ಬೋರ್ಡಲ್ಲಿ ಇದೇ ಇರತ್ತೆ."

ಭದ್ರಾವತಿಗೆ ಸುಮಾರು ಹದಿನೆಂಟು ಕಿಲೋಮೀಟರ್. ಬಸ್ಸು ದಾರಿಯಲ್ಲೇ ಇರುವ ನಮ್ಮ ಮಲವಗೊಪ್ಪ ದಾಟಿತು, ನಾನು ಇಳಿಯಲಿಲ್ಲ. ಮಾಚೇನಹಳ್ಳಿಯಲ್ಲಿ ಪಾಳಿ ಮುಗಿಸಿದವರು ಹತ್ತಿದರು. ಅಕ್ಕನ ಫೋನ್ ಬಂತು: "ಗ್ಯಾಸ್ ಖಾಲಿ ಕಣೋ. ನೀರು ಕಾಯ್ಸಕ್ಕೆ ಸೌದೆ ಒಲೆ ಹಚ್ಚಿದೀನಿ. ಬೇಗ ಬಾ."

ಸೆಲ್ವಿ ಹಳೆಯ ಬೋರ್ಡಿನಿಂದ ಐಸಿ ಬಿಡಿಸಿ, ಏಳು ಪುಟ್ಟ ಬಲ್ಬುಗಳಿದ್ದ ಹಲಗೆಗೆ ಸಿಕ್ಕಿಸಿದರು.

"ಹಾಗೇ ಕೊಟ್ಬಿಡಿ ಮೇಡಂ, ಹೊತ್ತಾಗ್ತಿದೆ," ಎಂದೆ.

"ಕಿತ್ತ ಐಸಿ ಹಂಗೇ ಕೊಡಲ್ಲ ಸಾರ್. ಎಲ್ಲಾ ಬಲ್ಬ್ ಹತ್ತಬೇಕು."

ಮೂರನೆಯದು ಹತ್ತಲಿಲ್ಲ. ಐಸಿ ಕಸದ ಡಬ್ಬಕ್ಕೆ ಬಿತ್ತು. ಇನ್ನೊಂದು ಬೋರ್ಡ್ ಹುಡುಕಿ ಬಿಡಿಸುವಷ್ಟರಲ್ಲಿ ಎರಡು ಬಸ್ಸು ತಪ್ಪಿದವು. ಈ ಬಾರಿ ಏಳೂ ಹತ್ತಿದವು. ಅದನ್ನು ನಮ್ಮ ಬೋರ್ಡಿಗೆ ಕೂರಿಸಿದ ಸೆಲ್ವಿ, ಬೋರ್ಡ್ ತಿರುಗಿಸಿ ನೋಡಿದರು.

"ಯಾರು ಮಾಡಿದ್ದು ಇದ್ನ?"

"ನಮ್ಮ ಭಾವ."

"ಐಸಿಯ ಒಂಬತ್ತನೇ ಕಾಲು ಎಲ್ಲಿಗೂ ಜೋಡಿಸಿಲ್ಲ. ರಿಲೇ ಆಫ್ ಆದಾಗೆಲ್ಲ ಕರೆಂಟ್ ಐಸಿಗೆ ವಾಪಸ್ ಒದೀತದೆ, ಅದಕ್ಕೇ ಸುಟ್ಟಿದ್ದು. ಆ ಕಾಲು ಇರೋದು ಅಂದಕ್ಕಲ್ಲ ಅಂತ ನಿಮ್ ಭಾವಂಗೆ ಹೇಳಿ." ಆ ಕಾಲಿನಿಂದ ರಿಲೇಯ ಪ್ಲಸ್ ಲೈನಿಗೆ ಒಂದು ತಂತಿ ಬೆಸೆದುಕೊಟ್ಟರು.

ಮಲವಗೊಪ್ಪದಲ್ಲಿ ಇಳಿದಾಗ ಸಂಜೆಯಾಗಿತ್ತು. ಭಾವ ಹೊಸ ತಂತಿಯನ್ನು ಮುಟ್ಟಿ ನೋಡಿ, ಬೋರ್ಡ್ ಜೋಡಿಸಿದರು. ರಿಲೇ ಟಕ್ಕೆಂದಿತು, ಫ್ಯಾನ್ ತಿರುಗಿತು. ಅಕ್ಕ ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು; ಒಳಗೇನೂ ಅಲುಗಲಿಲ್ಲ, ಪಕ್ಕಕ್ಕಿಟ್ಟಳು. ಎರಡನೆಯದನ್ನು ನನ್ನತ್ತ ಹಿಡಿದಳು. ಕೆಂಪು ನರಗಳ ನಡುವೆ ಕಪ್ಪು ನೆರಳೊಂದು ಕದಲಿತು.