ಬಾಣಂತಿಯ ಹಗಲುನಿದ್ದೆ

ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ವೀಣ ಪಿ.ಟಿ. ಮೇಡಂ. ಖೋ-ಖೋ ಆಟದಲ್ಲಿ ಅವಳು ಓಡಲು ನಿಂತರೆ ಹತ್ತನೇ ಕ್ಲಾಸಿನ ಚುರುಕು ಹುಡುಗಿಯರೂ ಮುಟ್ಟಲಾರರು. ಅಂಥವಳು ತೊಂಬತ್ತಾರನೇ ಇಸವಿಯಲ್ಲಿ ಬಾಣಂತನಕ್ಕೆಂದು ಸಿಂಧಘಟ್ಟದ ತವರಿಗೆ ಬಂದು, ಮಗುವಿಗೆ ಎರಡು ತಿಂಗಳಾಗುವಷ್ಟರಲ್ಲಿ ಹಿತ್ತಲಿಗೆ ಹೋಗಿಬಂದರೂ ಏದುಸಿರು ಬಿಡುವಷ್ಟು ದಪ್ಪವಾದಳು. ರಜೆ ಮುಗಿದ ಮೇಲೆ ಮೈದಾನದ ಅಂಚಿನಲ್ಲಿ ನಿಂತು ನೋಡುವುದೇ ಗತಿಯೇನೋ ಎಂಬ ದಿಗಿಲು ಅವಳಿಗೆ.

ತಾಯಿಯ ಹೆಸರು ದೊಡ್ಡಮ್ಮ; ಅವಳ ಆರೈಕೆಯಲ್ಲಿ ಕೊರತೆಯಿರಲಿಲ್ಲ. ಎಣ್ಣೆನೀರು, ಮೆಣಸಿನ ಸಾರು, ಹೊಟ್ಟೆಗೆ ಬಿಗಿದ ಹಳೇ ಸೀರೆ. ಜೊತೆಗೊಂದು ಕಟ್ಟಪ್ಪಣೆ: ಬಾಣಂತಿ ಹಗಲು ಮಲಗಬಾರದು, ಮಲಗಿದರೆ ಮೈ ಊದುತ್ತದೆ. ಕೂಸೋ ರಾತ್ರಿಯಿಡೀ ಜಾಗರಣೆ ಮಾಡಿಸುತ್ತಿತ್ತು. ಹಗಲು ಮಗಳ ಕಣ್ಣೆಳೆದರೆ ದೊಡ್ಡಮ್ಮ ತೊಡೆ ತಟ್ಟಿ ಎಬ್ಬಿಸಿ, ಎಚ್ಚರವಿರಲೆಂದು ಕೊಬ್ಬರಿ-ಬೆಲ್ಲ ಕೈಗಿಡುತ್ತಿದ್ದಳು. ವೀಣಳಿಗೂ ಎಷ್ಟು ತಿಂದರೂ ಹಸಿವು ಇಂಗುತ್ತಿರಲಿಲ್ಲ.

ಥೈರಾಯ್ಡ್ ಇರಬಹುದೆಂದು ಪೇಟೆಯ ಲೇಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ತೊಂದರೆ ಏನೂ ಕಾಣಲಿಲ್ಲ. "ನಿದ್ದೆ ಹೇಗಿದೆ?" ಎಂದು ಕೇಳಿದರೆ ವೀಣ ಬಾಯ್ತುಂಬ ಆಕಳಿಸಿದಳು.

"ಹಸಿವಾಯ್ತು, ಸಾಕಾಯ್ತು ಅಂತ ಹೇಳೋದು ಹಾರ್ಮೋನುಗಳ ಕೆಲಸ ಕಣಮ್ಮ. ನಿದ್ದೆ ಕೆಟ್ರೆ ಅವೂ ಕೆಡ್ತವೆ. ಮಗು ಮಲಗಿದಾಗೆಲ್ಲ ನೀವೂ ಮಲಗಿ."

ಬಸ್ಸಿಳಿದು ಮನೆ ತಲುಪುವವರೆಗೂ ದೊಡ್ಡಮ್ಮನದು ಗೊಣಗಾಟ. "ಆ ಡಾಕ್ಟ್ರಮ್ಮಂಗೇನ್ ಗೊತ್ತು? ನಾಕ್ ಬಾಣಂತನ ಮುಗಿಸಿವ್ನಿ ಕಣವ್ವ, ಒಂದಿನಾನೂ ಅಗ್ಲೊತ್ತು ಕಣ್ ಮುಚ್ನಿಲ್ಲ."

"ಅಂಗಾದ್ರೆ ನೀನ್ಯಾಕವ್ವ ಇಂಗಿದ್ದೀಯೆ?" ಎಂದಳು ವೀಣ.

ಬಾಗಿಲಲ್ಲಿ ಓರೆಯಾಗಿ ತೂರಿಕೊಳ್ಳುತ್ತಿದ್ದ ದೊಡ್ಡಮ್ಮ ಅಲ್ಲೇ ನಿಂತಳು. ಜಗಲಿಯಲ್ಲಿದ್ದ ಅಪ್ಪ ಶಿವಲಿಂಗಯ್ಯ, "ಮೂವತ್ತೊರ್ಸದಿಂದ ನಾನು ಕೇಳಕ್ಕೆ ಎದರ್‍ತಿದ್ದೆ ಕಣವ್ವ, ನೀನ್ ಕೇಳೇ ಬುಟ್ಟೆ," ಎಂದ.

"ಸುಮ್ಕಿರಿ ನೀವು!" ಎಂದು ಗದರಿದವಳಿಗೇ ನಗು ಉಕ್ಕಿ ಹೊಟ್ಟೆ ಕುಲುಕಿತು.

ಮಾರನೆಯ ದಿನದಿಂದ ಕಾವಲು ತಿರುಗಿತು. ಕೂಸು ಮಲಗಿದೊಡನೆ ದೊಡ್ಡಮ್ಮ ಕೋಣೆಯ ಬಾಗಿಲೆಳೆದು ಅಡ್ಡ ಕೂರುವಳು. ಮಗು ನೋಡಲು ಯಾರೇ ಬರಲಿ, "ಸಂಜಿಕೆ ಬನ್ನಿ, ನನ್ ಮಗ್ಳು ಮನಗವ್ಳೆ." ರಾತ್ರಿ ಹಾಲು ಕುಡಿಸಿದ ಮೇಲೆ ತೊಟ್ಟಿಲು ತೂಗುವ ಪಾಳಿ ಶಿವಲಿಂಗಯ್ಯನದಾಯಿತು. ನಿದ್ದೆ ಹತ್ತಿದ ಮೇಲೆ ವೀಣಳಿಗೆ ಮಧ್ಯೆ ಮಧ್ಯೆ ತಿನ್ನುವ ಆಸೆಯೇ ಕಡಿಮೆಯಾಯಿತು. ಮೈ ಒಂದೇ ಸಲಕ್ಕೆ ಇಳಿಯಲಿಲ್ಲ. ಮೊದಲು ಮುಖ ತಿಳಿಯಾಯಿತು, ಆಮೇಲೆ ನಡಿಗೆ ಹಗುರಾಯಿತು.

ರಜೆ ಮುಗಿಸಿ ಮೈದಾನಕ್ಕಿಳಿದ ದಿನ ಹುಡುಗಿಯೊಬ್ಬಳು ವೀಣಳ ಬೆನ್ನು ಮುಟ್ಟಿಯೇಬಿಟ್ಟಳು. "ಮೇಡಂ ಔಟ್!" ಎಂದು ಎಲ್ಲರೂ ಕುಣಿದರು. ಅವರಿಗಿಂತ ಹೆಚ್ಚು ಖುಷಿ ವೀಣಳಿಗೆ. ಅವಳು ಔಟಾದದ್ದು ಓಡುತ್ತ ಓಡುತ್ತ.

"ಇನ್ನೊಂದಾಟ ಬರ್ರೇ!" ಎಂದು ಸೆರಗು ಸಿಕ್ಕಿಸಿದಳು.