ನಾನು ತೆಗೆಯದ ಫೋಟೋ

ಕ್ಯಾಮೆರಾದಲ್ಲಿ ಇಲ್ಲದ್ದು ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಕೊಯಮತ್ತೂರಿನಲ್ಲಿ ಇಪ್ಪತ್ತೈದು ವರ್ಷ ಪತ್ರಿಕೆಗೆ ಫೋಟೋ ತೆಗೆದವನು ನಾನು. ಮದುವೆ ಫೋಟೋದಲ್ಲಿ ಸತ್ತ ಅಜ್ಜಿ ನಿಂತಿದ್ದಾಳೆ ಎಂದು ಆಲ್ಬಂ ಹಿಡಿದು ಬಂದವರಿಗೆ, ಮೊದಲು ಲೆನ್ಸ್ ಒರೆಸಿ ಎಂದು ಹೇಳಿ ಕಳಿಸಿದ್ದೇನೆ. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದಿನ ಮಾತು. ತುಡಿಯಲೂರು ದಾಟಿದ ಮೇಲೆ ಸಿಗುವ ಒಂದು ಕಾಲೇಜಿನಲ್ಲಿ ಅಂದು ಘಟಿಕೋತ್ಸವ. ಅದೇ ಆವರಣದ ಇನ್ನೊಂದು ತುದಿಯಲ್ಲಿ ಹೊಸ ಲ್ಯಾಬ್ ಕಟ್ಟಡಕ್ಕೆ ಮಂತ್ರಿಯಿಂದ ರಿಬ್ಬನ್. ಮೈದಾನದಲ್ಲಿ ಅಂತರ ಕಾಲೇಜು ಓಟದ ಪಂದ್ಯ. ಹಿಂದೆ ಮೂವರು ಮಾಡುತ್ತಿದ್ದ ಕೆಲಸ. ಇಬ್ಬರನ್ನು ಮನೆಗೆ ಕಳಿಸಿದ ಮೇಲೆ ಆಫೀಸಿನವರಿಗೆ ಉಳಿದ ನನ್ನೊಬ್ಬನಿಗೇ ಆರು ಕಾಲುಗಳಿದ್ದಂತೆ ಕಾಣುತ್ತಿತ್ತೋ ಏನೋ.

ಘಟಿಕೋತ್ಸವದಲ್ಲಿ ಚಿನ್ನದ ಪದಕ ಪಡೆಯುವವರಲ್ಲಿ ನನ್ನ ಅಣ್ಣನ ಮಗಳು ಅಂಬಿಕಾ ಒಬ್ಬಳು. ಅಣ್ಣ ಕಾರಮಡೈ ಹತ್ತಿರ ಮಗ್ಗ ನೇಯುತ್ತಿದ್ದವನು, ಅವಳು ಹತ್ತನೇ ತರಗತಿಯಲ್ಲಿದ್ದಾಗ ತೀರಿಕೊಂಡ. ಆಮೇಲೆ ಅತ್ತಿಗೆ ಮಗ್ಗಕ್ಕೆ ಕೂತು ಅವಳನ್ನು ಓದಿಸಿದಳು. ಹಿಂದಿನ ದಿನ ಅಂಬಿಕಾ ಫೋನ್ ಮಾಡಿ, "ಚಿತ್ತಪ್ಪ, ನೀವು ಕಂಡಿಪ್ಪಾ ಇರ್ಬೇಕು, ತಪ್ಪಿಸ್ಬಾರ್ದು. ಅಪ್ಪನ ಪೋಟೋ ಪಕ್ಕ ನಂದು ಹಾಕ್ಬೇಕು ಅಂತ ಅಮ್ಮ ಆಣಿ ಹೊಡ್ದಾಯ್ತು" ಎಂದಿದ್ದಳು. ಮಾತು ಕೊಟ್ಟಿದ್ದೆ.

ನಮ್ಮ ಕಸುಬಿನ ಒಂದು ಕೆಟ್ಟ ಅಭ್ಯಾಸ ಹೇಳಬೇಕು. ಕ್ಷಣ ತಪ್ಪಿಹೋದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ, "ಇನ್ನೊಂದ್ಸಲ ಸಾರ್" ಎನ್ನುತ್ತೇವೆ. ಹಚ್ಚಿದ ದೀಪ ಆರಿಸಿ ಮತ್ತೆ ಹಚ್ಚಿಸಿದ್ದೇವೆ. ನೆಟ್ಟ ಸಸಿಯನ್ನು ಕಿತ್ತು ಮತ್ತೆ ನೆಡಿಸಿದ್ದೇವೆ. ಹೀಗೆ ವರ್ಷಗಟ್ಟಲೆ ಮಾಡಿದವನಿಗೆ ಯಾವುದೂ ಒಂದೇ ಸಲ ಆಗುತ್ತದೆ ಅನಿಸುವುದೇ ಇಲ್ಲ.

ಅಂದು ವೇದಿಕೆ ಹತ್ತಲು ನಮಗೆ ಬಿಡಲಿಲ್ಲ, ಕೆಳಗೆ ಹಗ್ಗ ಕಟ್ಟಿ ಅದರ ಹಿಂದೆ ನಿಲ್ಲಿಸಿದ್ದರು. ಅಂಬಿಕಾ ಗೌನು ತೊಟ್ಟು ಮೆಟ್ಟಿಲ ಬಳಿ ನಿಂತಿದ್ದಳು. ಅವಳ ಮುಂದೆ ಇನ್ನಿಬ್ಬರು ಇದ್ದಾಗ ಫೋನು ಬಂತು. ಮಂತ್ರಿ ಹೊತ್ತಿಗೆ ಮುಂಚೆಯೇ ಬಂದಾಯಿತು, ನೀನೆಲ್ಲಿ ಸತ್ತಿದ್ದೀಯ ಎಂದು ಸುದ್ದಿ ಸಂಪಾದಕರು ತಮಿಳಿನಲ್ಲಿ ಕೂಗಿದರು. ನಾನು ಅಂಬಿಕಾಳತ್ತ ಕೈ ಎತ್ತಿ ಬೆರಳು ಸುತ್ತಿಸಿದೆ: ಆಮೇಲೆ, ಇನ್ನೊಮ್ಮೆ ತೆಗೆಯೋಣ ಎಂದು. ಎರಡು ಕ್ಯಾಮೆರಾಗಳನ್ನೂ ಹೆಗಲಿಗೆ ಹಾಕಿಕೊಂಡು ಜನರ ನಡುವೆ ನುಗ್ಗಿ ಹಿಂಬಾಗಿಲಿನತ್ತ ನಡೆದೆ. ಬಾಗಿಲು ದಾಟುವಾಗ ಮೈಕಿನಲ್ಲಿ ಅವಳ ಹೆಸರು ಕೇಳಿಸಿತು. ನಾನು ತಿರುಗಲಿಲ್ಲ.

ರಿಬ್ಬನ್ನೂ ಓಟವೂ ಮುಗಿಸಿ ಬಂದಾಗ ಸಭಾಂಗಣ ಗುಡಿಸುತ್ತಿದ್ದರು. ಗೌನುಗಳನ್ನು ಮಡಚಿ ಪೆಟ್ಟಿಗೆಗೆ ತುಂಬಿಯಾಗಿತ್ತು. ಅಂಬಿಕಾ, ಅತ್ತಿಗೆ ಕಾರಮಡೈ ಬಸ್ಸು ಹತ್ತಿ ಹೋಗಿದ್ದರು. ಕಾಲೇಜಿನ ಫೋಟೋಗ್ರಾಫರನೂ ಬೇರೆ ಪತ್ರಿಕೆಯವರೂ ಮಂತ್ರಿಯ ಹಿಂದೆಯೇ ಓಡಿದ್ದರು. ಪತ್ರಿಕೆಯವರನ್ನು ಬಿಟ್ಟು ಉಳಿದವರ ಮೊಬೈಲುಗಳನ್ನು ಗೇಟಿನಲ್ಲೇ ಇರಿಸಿಕೊಂಡಿದ್ದರು. ಅಲ್ಲಿಗೆ ಆ ಹುಡುಗಿಗೆ ಒಂದೇ ಒಂದು ಫೋಟೋ ಇಲ್ಲದಂತಾಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಂಜೆ ಆಫೀಸಿನಲ್ಲಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ನಾನು ಹೊರಡುವ ಮೊದಲು ಪದಕ ಪಡೆದ ಹುಡುಗನ ಚಿತ್ರ, ಅದಾದ ಮೇಲೆ ಮಂತ್ರಿಯ ಕಾರು ಇರಬೇಕಿತ್ತು. ಅವೆರಡರ ನಡುವೆ ಇನ್ನೊಂದು ಚಿತ್ರವಿತ್ತು.

ವೇದಿಕೆಯ ಮೇಲಿನಿಂದ, ಅಂಬಿಕಾಳ ಹೆಗಲ ಪಕ್ಕದಿಂದಲೇ ತೆಗೆದದ್ದು. ಅತಿಥಿಯ ಕೈ, ಪದಕದ ಪಟ್ಟಿ, ಅವಳ ಅರ್ಧ ಮುಖ, ಎಲ್ಲವೂ ನಿಚ್ಚಳ. ಆದರೆ ಅವಳು ಅತಿಥಿಯನ್ನು ನೋಡುತ್ತಿಲ್ಲ. ಕುರ್ಚಿಗಳ ಸಾಲುಗಳಾಚೆ ತೆರೆದ ಹಿಂಬಾಗಿಲನ್ನು ನೋಡುತ್ತಿದ್ದಾಳೆ. ಬಾಗಿಲಲ್ಲಿ ನನ್ನ ಬೆನ್ನು. ಹೆಗಲಲ್ಲಿ ನನ್ನ ಎರಡೂ ಕ್ಯಾಮೆರಾಗಳು.

ಚಿತ್ರದ ವಿವರಗಳನ್ನು ತೆರೆದು ನೋಡಿದೆ. ನಂಬರ್ ಸರಿಯಾಗಿತ್ತು, ಸಮಯ ಸರಿಯಾಗಿತ್ತು. ಅಲ್ಲಿಯವರೆಗೆ ಕಾರ್ಡು ಕ್ಯಾಮೆರಾ ಬಿಟ್ಟು ಹೊರಬಂದಿರಲಿಲ್ಲ. ಬೇರೆ ಪತ್ರಿಕೆಯ ಗೆಳೆಯರನ್ನೆಲ್ಲ ಕೇಳಿದೆ, ಅವರಲ್ಲಿ ವೇದಿಕೆ ಹತ್ತಿದವರು ಯಾರೂ ಇರಲಿಲ್ಲ. ತೀರಿಹೋದ ಅಣ್ಣನ ಹೆಸರು ಹೇಳಿಬಿಟ್ಟರೆ ಕಥೆ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಅವನು ಜೀವಮಾನದಲ್ಲಿ ತೆಗೆದದ್ದು ಒಂದೇ ಫೋಟೋ, ನನ್ನ ಮದುವೆಯಲ್ಲಿ. ಅದರಲ್ಲಿ ನನಗೂ ನನ್ನ ಹೆಂಡತಿಗೂ ತಲೆಯಿಲ್ಲ. ಈ ಚಿತ್ರದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಅಷ್ಟು ಒಳ್ಳೆಯ ಚಿತ್ರವನ್ನು ನಾನೇ ಈವರೆಗೆ ತೆಗೆದಿಲ್ಲ.

ಆಮೇಲೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಬಾಗಿಲಿದ್ದ ಭಾಗವನ್ನು ಕತ್ತರಿಸಿದೆ. ಉಳಿದದ್ದಕ್ಕೆ ಕಟ್ಟು ಹಾಕಿಸಿ ಕಾರಮಡೈಗೆ ಒಯ್ದು ಕೊಟ್ಟೆ. ಅಂದ ಹಾಗೆ, ಮಂತ್ರಿಯ ಫೋಟೋ ಮರುದಿನ ಪತ್ರಿಕೆಯಲ್ಲಿ ಬರಲೇ ಇಲ್ಲ. ಆ ಜಾಗಕ್ಕೆ ಜವಳಿ ಅಂಗಡಿಯ ಜಾಹೀರಾತು ಬಂದಿತ್ತು.

ಅತ್ತಿಗೆ ಕಟ್ಟನ್ನು ಎದೆಗೊತ್ತಿಕೊಂಡು ಅತ್ತಳು. "ಅಪ್ಪ ಇಲ್ದ ಮಗ್ಳಿಗೆ ನೀನಾದ್ರೂ ನಿಂತ್ಕಂಡು ಪೋಟೋ ಎತ್ತಿದೆಯಲ್ಲ ತಂಬಿ, ಅಷ್ಟು ಸಾಕು" ಎಂದಳು. ನಾನು ತಲೆಯಾಡಿಸಿದೆ. ಮೊದಲೇ ಹೊಡೆದಿದ್ದ ಮೊಳೆಗೇ ಅದನ್ನು ತೂಗುಹಾಕಿದರು.

ಹೊರಡುವಾಗ ಅಂಬಿಕಾ ಬೀದಿಯ ತಿರುವಿನವರೆಗೆ ಬಂದಳು. ಅಮ್ಮನಿಗೆ ಕೇಳಿಸದಷ್ಟು ದೂರ ಬಂದ ಮೇಲೆ ನಿಂತಳು.

"ಚಿತ್ತಪ್ಪ, ನನ್ ಹೆಸ್ರು ಕೂಗ್ದಾಗ ನಾನು ನಿಮ್ಮನ್ನೇ ನೋಡ್ತಿದ್ದೆ. ನೀವು ಬಾಗ್ಲು ದಾಟ್ತಿದ್ರಿ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ಅಂಗಾದ್ರೆ ಈ ಪೋಟೋ ಎತ್ತಿದ್ದು ಯಾರು?"

ಬಸ್ಸು ಬಂತು ಎಂದು ಹೇಳಿ ನಾನು ನಡೆದುಬಿಟ್ಟೆ. ಬಸ್ಸು ಬಂದಿರಲಿಲ್ಲ.

ಈಗ ಅವಳು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ಕತ್ತರಿಸದ ಚಿತ್ರ ನನ್ನ ಬೀರುವಿನಲ್ಲಿದೆ, ಆಗಾಗ ತೆಗೆದು ನೋಡುತ್ತೇನೆ. ಯಾರು ತೆಗೆದರೋ ಇಂದಿಗೂ ಗೊತ್ತಾಗಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ. ಓದಲು ಬರುವುದು ಮಾತ್ರ, ಹುಡುಗನಾಗಿದ್ದಾಗ ಮೈಸೂರಿನ ಸ್ಟುಡಿಯೋದಲ್ಲಿ ದುಡಿದ ನನಗೊಬ್ಬನಿಗೆ. ಇದನ್ನು ಕನ್ನಡದಲ್ಲಿ ಬರೆದದ್ದು ಅದಕ್ಕೇ.