ಕೊನೆಯ ಕಂತಿನ ಊಟ

ಒಂದು ಹಳೆಯ ಟಿ.ವಿ. ಧಾರಾವಾಹಿಯ ಹೆಸರಿಗಾಗಿ ನಾನು ತಲೆ ತಿನ್ನದೆ ಬಿಟ್ಟವರಿಲ್ಲ. ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೊತೆಗೆ ಕೆಲಸ ಮಾಡಿದವರನ್ನೆಲ್ಲ ಕೇಳಿದೆ. ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರನ್ನೂ ಕೇಳಿದೆ. ಎಂಬತ್ತರ ದಶಕದ್ದು, ಹಿಂದಿಯದು, ರಾಜಕೀಯದ ಕಥೆ ಎಂದರೆ ಎಲ್ಲರೂ ಗೊತ್ತಿರುವವರ ಹಾಗೆ ತಲೆಯಾಡಿಸುತ್ತಿದ್ದರು. ಆಮೇಲೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋಗುತ್ತಿದ್ದರು. ಬೇಸತ್ತು ಕೈಬಿಡುತ್ತಿದ್ದೆ. ಒಂದೆರಡು ವರ್ಷ ಕಳೆದ ಮೇಲೆ ಮತ್ತೆ ಶುರು.

ನನಗೆ ಬೇಕಾಗಿದ್ದದ್ದು ಹೆಸರಲ್ಲ, ಕೊನೆಯ ದೃಶ್ಯ. ಮಂತ್ರಿಯಾದವನೊಬ್ಬ ಬಿಳಿ ಅಂಬಾಸಿಡರ್ ಕಾರಿನಲ್ಲಿ ಬಂದು ಹಳೆಯ ಗೆಳೆಯನ ಹೆಂಚಿನ ಮನೆಯ ಮುಂದೆ ಇಳಿಯುತ್ತಾನೆ. ಹಿಂದೆ ಅವನಿಗಾಗಿ ಊರೂರು ಸುತ್ತಿ ಪೋಸ್ಟರ್ ಅಂಟಿಸಿದ್ದ ಗೆಳೆಯ. ಮಂತ್ರಿ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತು, ಹೊಟ್ಟೆ ಹಸಿದಿದೆ, ಏನಿದೆಯೋ ಹಾಕಿ ಅನ್ನುತ್ತಾನೆ. ಮುದ್ದೆ, ಅವರೇಕಾಳು ಸಾರು. ಉಂಡು ಕೈ ತೊಳೆದು, ನಿನ್ನನ್ನು ಮರೆತಿರಲಿಲ್ಲ ಕಣಯ್ಯ ಅನ್ನುತ್ತಾನೆ. ಹಿಂದಿ ಧಾರಾವಾಹಿಯಲ್ಲಿ ಮುದ್ದೆ ಎಲ್ಲಿಂದ ಬಂತು ಎಂದು ಯಾರಾದರೂ ನಕ್ಕರೆ, ನಮಗೆ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ ಅಪ್ಪ ರೊಟ್ಟಿಯನ್ನೇ ಮುದ್ದೆ ಎಂದಿರಬೇಕು ಬಿಡಿ ಅನ್ನುತ್ತಿದ್ದೆ. ಅಪ್ಪ ಹೋದ ಮೇಲೆ ಆ ದೃಶ್ಯವನ್ನು ಹುಡುಕಿ ಅಮ್ಮನಿಗೆ ಒಮ್ಮೆ ತೋರಿಸಬೇಕು ಅನ್ನುವುದು ನನಗೆ ಹಟವೇ ಆಗಿತ್ತು.

ಗುಬ್ಬಿಯಲ್ಲಿ ಅಪ್ಪನಿಗೆ ಒಂದಿಷ್ಟು ತೆಂಗಿನ ತೋಟ, ಮಿಕ್ಕಿದ್ದೆಲ್ಲ ರಾಜಕೀಯದ ಹುಚ್ಚು. ತಾವಾಗಿ ಚುನಾವಣೆಗೆ ನಿಂತವರಲ್ಲ. ಎಪ್ಪತ್ತರ ದಶಕದಲ್ಲಿ ಒಬ್ಬ ನಾಯಕರ ಬೆನ್ನ ಹಿಂದೆ ಜೀಪು ಹತ್ತಿ ಹಾಗಲವಾಡಿ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದರು. ಪೋಸ್ಟರಿಗೆ ಬೇಕಾದ ಮೈದಾ ಅಂಟು ನಮ್ಮ ಅಡುಗೆಮನೆಯಲ್ಲೇ ಕುದಿಯುತ್ತಿತ್ತು. ಅಮ್ಮ ಅದಕ್ಕೇ ಒಂದು ಪಾತ್ರೆ ಬೇರೆ ಇಟ್ಟಿದ್ದಳು. ಆ ನಾಯಕರು ನಮ್ಮ ಜಗಲಿಯಲ್ಲಿ ಮಲಗಿದ್ದಾರೆ, ಅಮ್ಮನ ಕೈಯ ಮುದ್ದೆ ಉಂಡಿದ್ದಾರೆ. ಗೆದ್ದರು, ಮಂತ್ರಿಯಾದರು. ಅಲ್ಲಿಂದಾಚೆಗೆ ಅವರ ಕಾರು ಬಿ.ಎಚ್. ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವುದನ್ನಷ್ಟೇ ನೋಡುತ್ತಿದ್ದೆವು.

"ಪಾಪ, ಅವ್ರಿಗೆ ಕೆಲ್ಸ ಜಾಸ್ತಿ ಕಣೇ" ಎಂದು ಅಪ್ಪ ಸಮಾಧಾನ ಹೇಳುತ್ತಿದ್ದರು.

"ಹತ್ತಿದ್ ಏಣೀನ ಒದಿಯೋದೂ ಕೆಲ್ಸಾನೇ" ಅನ್ನುತ್ತಿದ್ದಳು ಅಮ್ಮ.

ಎಂಬತ್ತರ ದಶಕದ ನಡುವೆ ನಮ್ಮ ಮನೆಗೆ ಬಾಗಿಲಿರುವ ಕಪ್ಪು ಬಿಳುಪು ಟಿ.ವಿ. ಬಂತು. ಭಾನುವಾರ ಬೆಳಿಗ್ಗೆ ಈ ಧಾರಾವಾಹಿಗೆ ಅರ್ಧ ಬೀದಿ ನಮ್ಮ ನಡುಮನೆಯಲ್ಲಿ ಕೂರುತ್ತಿತ್ತು. ಯಾರಿಗೂ ಹಿಂದಿ ಬಾರದು. ಅಪ್ಪ ಮಾತ್ರ ಹುಡುಗುತನದಲ್ಲಿ ಯಾವುದೋ ಹಿಂದಿ ಪರೀಕ್ಷೆ ಪಾಸು ಮಾಡಿದ್ದರು. ಆ ಒಂದು ಬಂಡವಾಳದ ಮೇಲೆ ಟಿ.ವಿ. ಪಕ್ಕ ನಿಂತು ಕಥೆಯನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಗುಬ್ಬಿಯವರು ಕಂಪನಿ ನಾಟಕ ನೋಡಿ ಬೆಳೆದ ಜನ, ಕಥೆಯಲ್ಲಿ ಉಪ್ಪು ಖಾರ ಕಮ್ಮಿಯಾದರೆ ಒಪ್ಪುವವರಲ್ಲ. ಅಪ್ಪನೂ ಕಮ್ಮಿ ಮಾಡುತ್ತಿರಲಿಲ್ಲ. ಪರದೆಯ ಮೇಲೆ ಗೋಧಿ ಹೊಲ ಕಂಡರೆ ಅವರ ಬಾಯಲ್ಲಿ ಅದು ರಾಗಿ ಹೊಲ, ದೆಹಲಿಯೆಲ್ಲ ಬೆಂಗಳೂರು. "ಆ ಮಂತ್ರಿ ಯಾವ್ ಕಡೆಯೋರು ಸ್ವಾಮಿ?" ಎಂದು ಎದುರುಮನೆಯ ಅಜ್ಜಿ ಕೇಳಿದ್ದಕ್ಕೆ, "ನಮ್ ಕಡೆಯೋರೇ" ಎಂದಿದ್ದರು.

ಮೊನ್ನೆ ಮೊನ್ನೆಯವರೆಗೂ ಆ ಧಾರಾವಾಹಿಯ ಹೆಸರು ಸಿಕ್ಕಿರಲಿಲ್ಲ. ಕುಣಿಗಲ್‌ನಲ್ಲಿರುವ ಅಕ್ಕನಿಗೆ ಫೋನ್ ಮಾಡಿದರೆ, "ಹೆಸ್ರು ಗೊತ್ತಿಲ್ಲ ಕಣೇ, ಆದ್ರೆ ಆ ಮಂತ್ರಿ ಊಟ ಮಾಡಿದ್ದು ಈಗ್ಲೂ ಕಣ್ಮುಂದೆ ಐತೆ" ಅಂದಳು. ಇಬ್ಬರೂ ಸೇರಿ ಜಗಲಿ, ಕಾರು, ಅವರೇಕಾಳು ಎಲ್ಲವನ್ನೂ ಮತ್ತೊಮ್ಮೆ ನೆನೆದೆವು. ಧಾರಾವಾಹಿ ಬರುವ ಹೊತ್ತಿಗೇ ಅಕ್ಕನಿಗೆ ಮದುವೆಯಾಗಿತ್ತು, ಕುಣಿಗಲ್‌ನ ಅವಳ ಮನೆಯಲ್ಲಿ ಆಗ ಟಿ.ವಿ.ಯೇ ಇರಲಿಲ್ಲ ಅನ್ನುವುದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಹೆಸರು ಸಿಕ್ಕಿದ್ದು ನಮ್ಮ ತುಮಕೂರಿನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹೆಂಗಸಿನಿಂದ. ಗಂಡನಿಗೆ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ, ಉತ್ತರದ ಕಡೆಯವರು. ಪೋಸ್ಟರ್ ಅಂಟಿಸುವ ಗೆಳೆಯ ಅನ್ನುತ್ತಲೇ ಅವರು ಹೆಸರು ಹೇಳಿ, ಫೋನಿನಲ್ಲಿ ಕೊನೆಯ ಕಂತನ್ನು ತೆಗೆದೇ ಬಿಟ್ಟರು. ಅದೇ ಮುಖಗಳು, ಅದೇ ಸಂಗೀತ. ಮಂತ್ರಿ ಇನ್ನೂ ದೊಡ್ಡ ಪದವಿಗೆ ಪ್ರಮಾಣವಚನ ತೆಗೆದುಕೊಂಡ, ಜನ ಚಪ್ಪಾಳೆ ತಟ್ಟಿದರು, ಮುಗಿಯಿತು. ಜಗಲಿ ಇಲ್ಲ, ಊಟ ಇಲ್ಲ. ಆ ಗೆಳೆಯ ಕೊನೆಯ ಕಂತಿನಲ್ಲಿ ಇರಲೇ ಇಲ್ಲ. ಮೊದಲಿಂದ ಇನ್ನೊಂದು ಸಲ ನೋಡಿದೆ. ಸಾಕಾಗಿ ಹೋಯಿತು.

ಕೆಳಗಿಳಿದು ಬಂದಾಗ ಅಮ್ಮ ಅವರೇಕಾಯಿ ಸುಲಿಯುತ್ತ ಕೂತಿದ್ದಳು. ಧಾರಾವಾಹಿ ಸಿಕ್ಕಿತು ಎಂದಷ್ಟೇ ಹೇಳಿ, ಕೊನೆಯ ಕಂತನ್ನು ನಾವು ನೋಡಿದ್ದು ನೆನಪಿದೆಯಾ ಎಂದು ಕೇಳಿದೆ.

"ಎಲ್ ನೋಡಿದ್ವಿ? ಅವತ್ತು ಶುರುವಾಗ್ತಿದ್ದಂಗೇ ಕರೆಂಟ್ ಹೋಯ್ತಲ್ಲೇ. ಎಲ್ರೂ ಬೈಕೊಂಡು ಎದ್ ಹೋದ್ರು."

"ಮತ್ತೆ ಅಪ್ಪ ಹೇಳಿದ್ದು?"

"ಮಾರನೇ ದಿನ ತುಮಕೂರಿಗೆ ಹೋಗ್ ಬಂದು ಹೇಳಿದ್ರು."

"ಅಲ್ಲಿ ನೋಡಿದೋರನ್ನ ಕೇಳ್ಕೊಂಡ್ ಬಂದ್ರಾ?"

ಅಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ಅವ್ರು ಹೋಗಿದ್ದು ಕಥೆ ಕೇಳಕ್ಕಲ್ಲ ಕಣೇ. ಮಂತ್ರಿಗಳು ಐ.ಬಿ. ಬಂಗ್ಲೇಲಿ ಉಳ್ಕೊಂಡವ್ರೆ ಅಂತ ಯಾರೋ ಹೇಳಿದ್ರು. ತೋಟದಿಂದ ಒಂದ್ ಎಳನೀರ್ ಗೊನೆ ಇಳಿಸ್ಕೊಂಡು ಬಸ್ಸಲ್ಲಿ ಹಾಕ್ಕೊಂಡ್ ಹೋದ್ರು. ಬೆಳಿಗ್ಗೆಯಿಂದ ಗೇಟ್ ಹತ್ರಾನೇ ನಿಂತಿದ್ರಂತೆ. ಸಾಯಂಕಾಲ ಕಾರ್ ಆಚೆ ಬಂತಂತೆ. ಇವ್ರು ಕೈ ಮುಗುದ್ರಂತೆ. ಗ್ಲಾಸ್ ಇಳಿಸ್ಲಿಲ್ಲವಂತೆ."

"ಎಳನೀರು?"

"ಗೇಟ್ ಕಾಯೋನಿಗೆ ಕೊಟ್ ಬಂದ್ರು. ಮನೆಗ್ ಬಂದು ಕೈಕಾಲ್ ತೊಳ್ಕೊಂಡು ನನ್ ಹತ್ರ ಇಷ್ಟು ಹೇಳಿದ್ರು. ಅಷ್ಟ್ರಲ್ಲಿ ನೀನು ಬಂದು, ಅಪ್ಪ ಕೊನೇಲಿ ಏನಾಯ್ತಂತೆ, ಮಂತ್ರಿ ಏನ್ ಮಾಡಿದ್ನಂತೆ ಅಂದೆ. ಬೀದಿಯೋರೂ ಬಂದು ಸೇರ್ಕೊಂಡ್ರು. ಹೇಳಿದ್ರು, ಇನ್ನೇನ್ ಮಾಡ್ತಾರೆ?"

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಕಾರಿನ ಮೇಲೋ, ಕೇಳಬಾರದ ಹೊತ್ತಿನಲ್ಲಿ ಕೇಳಿದ ನನ್ನ ಮೇಲೋ ತಿಳಿಯಲಿಲ್ಲ. ಅಪ್ಪ ಕಥೆ ಹೇಳುವಾಗ ಅವರ ಮುಖ ಅರಳಿತ್ತು ಅನ್ನುವುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕಥೆಯ ಅಂಬಾಸಿಡರ್ ಕಾರಿನ ಕಿಟಕಿಯ ಗಾಜು ಇಳಿದೇ ಇತ್ತು ಎಂದು ಹೇಳಿದ್ದೂ ನೆನಪಿದೆ.

ಅಮ್ಮ ಮತ್ತೆ ಕಾಯಿಗೆ ಕೈ ಹಾಕಿದಳು. "ಈಗ ನಿಂಗೆ ಸಿಕ್ಕೈತಲ್ಲ ಅದು. ಬಂದ್ರಾ ಅವ್ರು, ಊಟಕ್ಕೆ?" ಎಂದು ಕೇಳಿದಳು.

"ಬಂದ್ರಮ್ಮ" ಅಂದೆ.

"ಏನ್ ಹಾಕಿದ್ರು?"

"ಮುದ್ದೆ. ಅವರೇಕಾಳ್ ಸಾರು."

"ಸರಿ ಬುಡು" ಅಂದಳು. ತೋರಿಸು ಎಂದು ಮಾತ್ರ ಕೇಳಲಿಲ್ಲ.